ಲಿವರ್‌ಗೆಂದು ಖನಿಜದ ಮಾತ್ರೆ ನುಂಗುವ ಮುಂಚೆ ಡಬ್ಬಿ ಓದುವುದು ಹೇಗೆ?

ಮನೆಯಲ್ಲೊಬ್ಬರಿಗೆ ಲಿವರ್ ತೊಂದರೆ ಅಂತ ಗೊತ್ತಾದರೆ ಸಾಕು, ಮಡಿಕೇರಿಗೆ ಹೋದವರು ಸೆಲೆನಿಯಂ ಒಂದು ಡಬ್ಬಿ, ಝಿಂಕ್ ಒಂದು, ಜೊತೆಗೆ ಐರನ್ ಟಾನಿಕ್ ತರುತ್ತಾರೆ. ಕ್ಯಾನ್ಸರ್ ಬರಲ್ಲ ಅನ್ನೋ ನಂಬಿಕೆ. ನೆಂಟರ ಮನೆಗಳಲ್ಲಿ ಇದನ್ನು ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಹಂತ 1: ಲಿವರಿಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ ಮತ್ತು ಸಿ ಇವೆಯೇ ಎಂದು ರಕ್ತಪರೀಕ್ಷೆ ಮಾಡಿಸಿ. ಬಿ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ.

ಹಂತ 2: ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ನೋಡದೆ ಐರನ್ ಟಾನಿಕ್ ಮುಟ್ಟಬೇಡಿ. ಕಬ್ಬಿಣ ಕಡಿಮೆಯಾದರೆ ಸುಸ್ತು, ನಿಜ. ಆದರೆ ಜಾಸ್ತಿಯಾದ ಕಬ್ಬಿಣ ಹೋಗಿ ಕೂರುವುದು ಲಿವರಿನಲ್ಲೇ. ಹೀಮೋಕ್ರೊಮಟೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆಯಲ್ಲಿ ಹೀಗೆ ಸೇರಿದ ಕಬ್ಬಿಣದಿಂದ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು), ಮುಂದೆ ಕ್ಯಾನ್ಸರ್ ಕೂಡ ಆಗಬಹುದು.

ಹಂತ 3: ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಅಳತೆ ನೋಡಿ. ಸೆಲೆನಿಯಂ ಮೈಕ್ರೋಗ್ರಾಂನಲ್ಲಿ, ಝಿಂಕ್ ಮಿಲಿಗ್ರಾಂನಲ್ಲಿ ಇರುತ್ತದೆ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಆಮೇಲೆ ಆ ಅಂಕಿ ಒಂದು ಮಾತ್ರೆಗೋ ಎರಡು ಮಾತ್ರೆಗೋ ನೋಡಿ. 'ಪರ್ ಸರ್ವಿಂಗ್' ಅಂತ ಬರೆದು, ಕೆಳಗೆಲ್ಲೋ ಸರ್ವಿಂಗ್ ಅಂದರೆ ಎರಡು ಕ್ಯಾಪ್ಸೂಲ್ ಅಂತ ಇರುತ್ತದೆ. ಮೂರನೆಯದು ಉಪ್ಪಿನ ಲೆಕ್ಕ, ಅಂದರೆ ಖನಿಜ ಬೇರೆ ವಸ್ತುವಿನ ಜೊತೆ ಸೇರಿಕೊಂಡ ಲವಣದ ಲೆಕ್ಕ. 220 ಮಿಲಿಗ್ರಾಂ ಝಿಂಕ್ ಸಲ್ಫೇಟ್ ಅಂದರೆ ಅಷ್ಟೂ ಝಿಂಕ್ ಅಲ್ಲ, ಅದರಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ. ಅದೇ ಜಾಸ್ತಿ ಅನ್ನಿ: ದಿನಕ್ಕೆ ಗಂಡಸರಿಗೆ ಸುಮಾರು 17, ಹೆಂಗಸರಿಗೆ ಸುಮಾರು 13 ಮಿಲಿಗ್ರಾಂ ಸಾಕು. ಡಾಕ್ಟರ್ ಹೇಳದೆ 40 ದಾಟಬಾರದು. ತಿಂಗಳುಗಟ್ಟಲೆ ಜಾಸ್ತಿ ಝಿಂಕ್ ತಿಂದರೆ ದೇಹ ತಾಮ್ರ ಹೀರುವುದು ಕಡಿಮೆಯಾಗುತ್ತದೆ, ರಕ್ತ ಕಮ್ಮಿಯಾಗಬಹುದು. ಆಗ ಮತ್ತೆ ಐರನ್ ಟಾನಿಕ್!

ಕೊನೆಗೆ ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲಿಟ್ಟು ಕೂಡಿಸಿ. ಮಲ್ಟಿವಿಟಮಿನ್‌ನಲ್ಲೂ ಸೆಲೆನಿಯಂ, 'ಲಿವರ್ ಟಾನಿಕ್'ನಲ್ಲೂ ಸೆಲೆನಿಯಂ, ಬೇರೆ ಡಬ್ಬಿಯಲ್ಲೂ ಅದೇ. ದಿನಕ್ಕೆ ಬೇಕಾದದ್ದು 40ರಿಂದ 55 ಮೈಕ್ರೋಗ್ರಾಂ. ಅಮೆರಿಕದ ಗರಿಷ್ಠ ಮಿತಿ 400, ಯುರೋಪಿನವರು ತಮ್ಮ ಮಿತಿಯನ್ನು 255ಕ್ಕೆ ಇಳಿಸಿದ್ದಾರೆ. ಮೀರಿದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ವಾಸನೆ ಬರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಟಾನಿಕ್‌ಗೆ ಲೇಬಲ್‌ನಲ್ಲಿದ್ದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಬಿದ್ದು ನೂರಾರು ಜನ ಕಾಯಿಲೆ ಬಿದ್ದರು. ಅಂಕಿಯೇ ಬರೆಯದೆ 'ಸೀಕ್ರೆಟ್ ಫಾರ್ಮುಲಾ' ಅನ್ನುವ ಡಬ್ಬಿ ಬೇಡವೇ ಬೇಡ.

ರಕ್ತದಲ್ಲಿ ಸೆಲೆನಿಯಂ ಚೆನ್ನಾಗಿದ್ದವರಿಗೆ ಲಿವರ್ ಕ್ಯಾನ್ಸರ್ ಕಡಿಮೆ ಅಂತ ಯುರೋಪಿನ ಅಧ್ಯಯನವೊಂದು ಹೇಳಿದ್ದು ನಿಜ. ಆದರೆ ಅಲ್ಲಿನ ಮಣ್ಣಿನಲ್ಲೇ ಸೆಲೆನಿಯಂ ಕಮ್ಮಿ. ಮೊದಲೇ ಸಾಕಷ್ಟು ಇದ್ದವರು ಮಾತ್ರೆ ನುಂಗಿದರೆ ಲಾಭ ಅಂತ ಅದರಿಂದ ಹೇಳಲಾಗದು.

ಹಂತ 4: ತಟ್ಟೆ ನೋಡಿಕೊಳ್ಳಿ. ಮೊಟ್ಟೆ, ಮೀನು, ಹಂದಿ ಮಾಂಸ, ಮಳೆಗಾಲದ ಏಡಿ ಸಾರು ತಿನ್ನುವವರಿಗೆ ಸೆಲೆನಿಯಂ, ಝಿಂಕ್ ಎರಡೂ ಸಿಗುತ್ತದೆ. ಮಾಂಸ ತಿನ್ನದವರು ಕಾಳು ನೆನೆಸಿ ಮೊಳಕೆ ಬರಿಸಿ. ನೆನೆಸದ ಕಾಳಿನಲ್ಲಿರುವ ಫೈಟೇಟ್ ಝಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಚಂಪುಳಿಯಂಥ ಹುಳಿಯನ್ನು ತಾಮ್ರದ ಪಾತ್ರೆಯಲ್ಲಿಡಬೇಡಿ, ತಾಮ್ರ ಕರಗುತ್ತದೆ. ನಮ್ಮ ಮಳೆಯಲ್ಲಿ ಕಡಲೆಕಾಯಿಗೆ ಬೂಷ್ಟು ಹಿಡಿದರೆ ಹುರಿದು ಉಳಿಸಲು ನೋಡಬೇಡಿ, ಸುಮ್ನೆ ಎಸೆಯಿರಿ. ಅದರಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗಲ್ಲ. ಹೆಪಟೈಟಿಸ್ ಬಿ ಇದ್ದವರಿಗಂತೂ ಅದು ಲಿವರ್ ಕ್ಯಾನ್ಸರಿಗೆ ನೇರ ದಾರಿ.

ಕಾಫಿ ಬಿಡಬೇಕಾ? ಬೇಡ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿದೆ. ಬಿಡಬೇಕಾದದ್ದು ಮದ್ಯ. ಹಬ್ಬಕ್ಕೆ ನಾಲ್ಕು ಪೆಗ್ ಹಾಕಿ ಮಾರನೇ ದಿನ ಸೆಲೆನಿಯಂ ನುಂಗಿದರೆ ಏನು ಬಂತು?

ಹಂತ 5: ಕ್ಯಾನ್ಸರ್ ಆಗಲೇ ಇದ್ದರೆ ಯಾವ ಖನಿಜವೂ ಅದನ್ನು ಗುಣ ಮಾಡಲ್ಲ. ಆಪರೇಷನ್, ಗಡ್ಡೆ ಸುಡುವ ಚಿಕಿತ್ಸೆ, ರಕ್ತನಾಳದ ಮೂಲಕ ಕೀಮೋ, ಔಷಧಿ ಇಂಥವೇ ದಾರಿ. ಸಿರೋಸಿಸ್ ಇದ್ದವರಲ್ಲಿ ಝಿಂಕ್ ಕಡಿಮೆಯಿರುತ್ತದೆ, ಬೇಕೆನಿಸಿದರೆ ಡಾಕ್ಟರೇ ಬರೆದುಕೊಡುತ್ತಾರೆ. ಮೈಸೂರಿಗೋ ಮಂಗಳೂರಿಗೋ ತೋರಿಸಲು ಹೋಗುವಾಗ ಹೆಸರು ಬರೆದ ಚೀಟಿ ಬೇಡ, ಡಬ್ಬಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ. ನಾಟಿ ಮದ್ದಿನ ಬಾಟಲಿ ಇದ್ದರೆ ಅದನ್ನೂ.