ಹಳೆಯ ವಿದ್ಯುತ್ ಆವಿಗೆಗೆ ಕರೆಂಟ್ ಕೊಡುವ ಮುನ್ನ

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಕುಂಬಾರಿಕೆಯ ವಿದ್ಯುತ್ ಆವಿಗೆಯನ್ನು ಮನೆಗೆ ತಂದವರು, ನಡೆಯುತ್ತದೆಯೋ ಇಲ್ಲವೋ ನೋಡಿಯೇಬಿಡೋಣವೆಂದು ಅದಕ್ಕೆ ಕರೆಂಟ್ ಕೊಡಬಾರದು. ಒಳಗೋಡೆಯ ಹಗುರ ಇಟ್ಟಿಗೆ ತೇವವನ್ನು ಹೀರಿಕೊಂಡಿರುತ್ತದೆ, ಒದ್ದೆ ಇಟ್ಟಿಗೆಯ ಮೂಲಕ ವಿದ್ಯುತ್ತು ಲೋಹದ ಹೊರಕವಚಕ್ಕೆ ಸೋರಬಲ್ಲದು. ಮುಚ್ಚಳ ತೆರೆದಿಟ್ಟು ಚೆನ್ನಾಗಿ ಒಣಗಿಸಿ, ಎಲೆಕ್ಟ್ರಿಷಿಯನ್‌ರಿಂದ ಮೆಗ್ಗರ್ ಪರೀಕ್ಷೆ (ಕರೆಂಟ್ ಕವಚಕ್ಕೆ ಸೋರುತ್ತದೆಯೇ ಎಂದು ಅಳೆಯುವ ಪರೀಕ್ಷೆ) ಮಾಡಿಸಿದ ಮೇಲೆಯೇ ಮುಂದಿನ ಮಾತು.

ಇಟ್ಟಿಗೆಯ ಕೂದಲೆಳೆ ಬಿರುಕುಗಳಿಗೆ ಹೆದರಬೇಕಿಲ್ಲ. ಆದರೆ ಒಳಪದರ ಬಿಳಿ ಸೆರಾಮಿಕ್ ಫೈಬರ್ ಆಗಿದ್ದರೆ ಪೊರಕೆ, ಬ್ರಷ್ ತಾಗಿಸಬೇಡಿ; ಹೆಚ್ಚು ಶಾಖದಲ್ಲಿ ಬಹುಕಾಲ ಬೆಂದ ಫೈಬರಿನಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕ್ರಿಸ್ಟೋಬಲೈಟ್ ಎಂಬ ಸಿಲಿಕಾ ಹರಳು ಉಂಟಾಗಿರಬಹುದು. ತೀರ ಹಳೆಯ ಆವಿಗೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದೂ ಉಂಟು. ಅನುಮಾನವಿದ್ದರೆ ಅಂಥದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಕಾಯಿಸುವ ಸುರುಳಿಗಳು ಒಮ್ಮೆ ಕಾದ ಮೇಲೆ ಪೆಡಸಾಗುತ್ತವೆ, ತಣ್ಣಗಿರುವಾಗ ಬಗ್ಗಿಸಿದರೆ ಮುರಿಯುತ್ತವೆ. ಪ್ಲಗ್ ಕಿತ್ತಿಟ್ಟು ಮಲ್ಟಿಮೀಟರಿನಿಂದ ರೋಧ ಅಳೆಯಿರಿ. ಫಲಕದಲ್ಲಿ 230 ವೋಲ್ಟ್, 5 ಕಿಲೋವ್ಯಾಟ್ ಎಂದಿದ್ದರೆ ಒಟ್ಟು ರೋಧ ಸುಮಾರು 10.6 ಓಮ್ ಇರಬೇಕು. ಅದಕ್ಕಿಂತ ಶೇಕಡ 10ಕ್ಕೂ ಮೀರಿ ಹೆಚ್ಚಿದ್ದರೆ ಸುರುಳಿಗಳು ಸವೆದಿವೆಯೆಂದೇ ಅರ್ಥ. ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕಪ್ಪಾದ ಟರ್ಮಿನಲ್‌ಗಳನ್ನೂ ಹೊಸದಾಗಿ ಹಾಕಿಸಿ, ಏಕೆಂದರೆ ಸಡಿಲ ಜೋಡಣೆಯೇ ಕಾದು ವೈರನ್ನು ಸುಡುತ್ತದೆ. ಇಲ್ಲಿ ದುಡ್ಡು ಉಳಿಸಲು ಹೋಗಬಾರದು.

ಇಂಥ ಆವಿಗೆ ಸುಮಾರು 22 ಆಂಪಿಯರ್ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ಟು ತಾಳದು. ಬೋರ್ಡಿನಿಂದಲೇ ಪ್ರತ್ಯೇಕ ತಾಮ್ರದ ಲೈನು, 32 ಆಂಪಿಯರ್ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿತಗೊಳಿಸುವ ಸ್ವಿಚ್ಚು) ಮತ್ತು ಭದ್ರವಾದ ಅರ್ಥಿಂಗ್ ಬೇಕು. ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಒಳಗಿನ ಶಾಖವನ್ನು ಅಳೆಯುವ ಥರ್ಮೋಕಪಲ್‌ನ ಎರಡು ತಂತಿಗಳು ಅದಲುಬದಲಾಗಿದ್ದರೆ ಒಳಗೆ ಶಾಖ ಏರಿದಂತೆ ಮೀಟರು ಇಳಿಕೆ ತೋರಿಸುತ್ತದೆ, ನಿಯಂತ್ರಕ ಕಾಯಿಸುತ್ತಲೇ ಹೋಗುತ್ತದೆ. ಮೊದಲ ಸುಡುವಿಕೆಯಲ್ಲಿ ಪಾತ್ರೆಗಳನ್ನು ಇಡದೆ, ಒಂದು ಪೈರೋಮೆಟ್ರಿಕ್ ಕೋನ್ (ನಿಗದಿತ ಶಾಖ ತಗುಲಿದಾಗ ಬಾಗಿ ತೋರಿಸುವ ಪುಟ್ಟ ಶಂಕು) ಮಾತ್ರ ಇಟ್ಟು, ಕಿಟಕಿ ತೆರೆದ ಕೋಣೆಯಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ನಿಲ್ಲಿಸಿ, ಬಳಿಕ ನಿಧಾನವಾಗಿ 1000 ಡಿಗ್ರಿಗೆ ಏರಿಸಿ. ಸುರುಳಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಅಂಟಿಕೊಂಡರೆ ಮೀಟರು ಆಫ್ ಎಂದರೂ ಸುರುಳಿ ಕೆಂಪಗೇ ಇರುತ್ತದೆ; ಹಾಗಾಗಿ ಮುಗಿಯುವವರೆಗೂ ಹತ್ತಿರವೇ ಇರಬೇಕು. ಆವಿಗೆ ಪೂರ್ಣ ತಣ್ಣಗಾದ ಮೇಲೆ ಎಂಸಿಬಿ ಇಳಿಸಿ ಟರ್ಮಿನಲ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಮಾಡಿ.