ಮನೇಲೇ ಬಿಟ್‌ಕಾಯಿನ್ ಮೈನಿಂಗ್: ಯಾವ ಮಷಿನ್ ತಗೋಬೇಕು, ಹೇಗೆ ಓಡಿಸ್ಬೇಕು

ಮೈನಿಂಗ್ ಅಂದ್ರೆ ಬಿಟ್‌ಕಾಯಿನ್ ವ್ಯವಹಾರಗಳ ಹೊಸ ಬ್ಲಾಕ್ (ಕಟ್ಟು) ಸೇರಿಸೋಕೆ ಮಷಿನ್‌ನಿಂದ ಲೆಕ್ಕ ಹಾಕಿಸಿ, ಗೆದ್ರೆ ಬಿಟ್‌ಕಾಯಿನ್ ಪಡೆಯೋದು. ಮೊದ್ಲೇ ಹೇಳ್ಬಿಡ್ತೀನಿ, ದುಡ್ಡು ಮಾಡೋಕೆ ಅಂತ ಬಂದಿದ್ರೆ ಇದು ಬೇಡ. ಗ್ರಾಫಿಕ್ಸ್ ಕಾರ್ಡಲ್ಲಿ ಮೈನಿಂಗ್ ಮಾಡೋ ಕಾಲ 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ (ಇನ್ನೊಂದು ಕ್ರಿಪ್ಟೋ ನಾಣ್ಯ) ಪ್ರೂಫ್ ಆಫ್ ಸ್ಟೇಕ್‌ಗೆ, ಅಂದ್ರೆ ಮೈನಿಂಗೇ ಬೇಡದ ಪದ್ಧತಿಗೆ ಹೋದಾಗ್ಲೇ ಹೆಚ್ಚುಕಮ್ಮಿ ಮುಗೀತು.

ಸೆಕೆಂಡ್ ಹ್ಯಾಂಡ್ ಆಂಟ್‌ಮೈನರ್ ಎಸ್9 (ಬಿಟ್‌ಕಾಯಿನ್ ಮೈನಿಂಗ್‌ಗೇ ಮಾಡಿದ ಹಳೇ ಮಷಿನ್) ಅಗ್ಗಕ್ಕೆ ಸಿಗತ್ತೆ ಅಂತ ತಗೋಬೇಡಿ, ಅದು ಸುಮಾರು 1350 ವ್ಯಾಟ್ ಎಳೆಯತ್ತೆ, ಅಂದ್ರೆ ದಿನಕ್ಕೆ 32 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದ್ರೂ ತಿಂಗಳಿಗೆ 5800 ರೂಪಾಯಿ ಆಗೋಯ್ತು, ಮೇಲಿಂದ ಫ್ಯಾನ್ ಸದ್ದಿಗೆ ಪಕ್ಕದ ಮನೆಯವ್ರು ಜಗಳಕ್ಕೇ ಬರ್ತಾರೆ.

ಹವ್ಯಾಸಕ್ಕೆ ಬಿಟ್‌ಆಕ್ಸ್ ಗಾಮಾ ಸಾಕು. ಅಂಗೈಯಗಲದ ಬೋರ್ಡು, 17 ವ್ಯಾಟ್ ಆಸುಪಾಸು, ಸ್ಪೀಡು 1.2 ಟೆರಾಹ್ಯಾಶ್ (ಸೆಕೆಂಡಿಗೆ 1.2 ಲಕ್ಷ ಕೋಟಿ ಲೆಕ್ಕ). 5 ವೋಲ್ಟ್ ಅಡಾಪ್ಟರೇ ಹಾಕಿ, ರೂಟರ್‌ದು 12 ವೋಲ್ಟ್ ಚುಚ್ಚಿದ್ರೆ ಬೋರ್ಡ್ ಸುಟ್ಟೋಗತ್ತೆ. ಆನ್ ಮಾಡಿದ್ರೆ ಅದೇ ಒಂದು ವೈಫೈ ಬಿಡತ್ತೆ, ಫೋನಲ್ಲಿ ಕನೆಕ್ಟ್ ಆಗಿ 192.168.4.1 ಓಪನ್ ಮಾಡಿ ಮನೆ ವೈಫೈ ಪಾಸ್‌ವರ್ಡು, ಪೂಲ್ (ಮಷಿನ್‌ಗೆ ಲೆಕ್ಕ ಕೊಡೋ ಸರ್ವರ್) ವಿಳಾಸ, ಯೂಸರ್ ಜಾಗದಲ್ಲಿ ನಿಮ್ಮ ಬಿಟ್‌ಕಾಯಿನ್ ಅಡ್ರೆಸ್ (ಕಾಯಿನ್ ಬಂದು ಸೇರೋ ವ್ಯಾಲೆಟ್ ವಿಳಾಸ) ಹಾಕಿ ರೀಸ್ಟಾರ್ಟ್ ಕೊಡಿ, ಅಷ್ಟೇ. ಅಡ್ರೆಸ್ ಕಾಪಿ ಮಾಡಿದ್ಮೇಲೆ ಇನ್ನೊಂದ್ಸಲ ನೋಡ್ಕೊಳ್ಳಿ. ಚಿಪ್ ಬಿಸಿ 65 ಡಿಗ್ರಿ ದಾಟಿದ್ರೆ ಫ್ರೀಕ್ವೆನ್ಸಿ (ಚಿಪ್ ಓಡೋ ವೇಗ) ಇಳಿಸಿ, ಧೂಳು ಒರೆಸಿ.

ಸೋಲೋ, ಅಂದ್ರೆ ಯಾರ ಜೊತೆಗೂ ಬಹುಮಾನ ಹಂಚ್ಕೊಳ್ಳದೆ ಒಬ್ರೇ ಮೈನಿಂಗ್ ಮಾಡೋದು, ಲಾಟರಿನೇ, ಹೊಡೆದ್ರೆ 3.125 ಬಿಟ್‌ಕಾಯಿನ್, ಹೊಡೆಯೋದು ಡೌಟು. ಹೊಡೆದು ಮಾರಿದ್ರೂ ಲಾಭಕ್ಕೆ 30% ಟ್ಯಾಕ್ಸ್ ಇದೆ, ಕರೆಂಟ್ ಬಿಲ್ ಅದರಲ್ಲಿ ಕಳೆಯೋ ಹಾಗಿಲ್ಲ.