ಇಂಗ್ಲಿಷಲ್ಲಿ ಲೈಸೆನ್ಸ್ ಬರಿಯೋವಾಗ ಸಿ ಹಾಕ್ಬೇಕಾ, ಎಸ್ ಹಾಕ್ಬೇಕಾ?

ಮೊನ್ನೆ ದಾವಣಗೆರೆಲಿ ದೋಸ್ತ್ ಒಬ್ಬ ಬೆಣ್ಣೆ ದೋಸೆ ಹೋಟ್ಲು ಇಡ್ತೀನಂತ ಬೋರ್ಡ್ ಬರೆಸಿದ, ಬೋರ್ಡಲ್ಲಿ ಲೈಸೆನ್ಸ್ ನಂಬರ್ ಅನ್ನೋದಕ್ಕೆ ಎಸ್ ಐತೆ, ಬಿಲ್ ಬುಕ್ಕಲ್ಲಿ ಸಿ ಐತೆ, ಯಾವ್ದಪ್ಪ ಕರೆಕ್ಟು ಅಂತ ರಾತ್ರಿ ಹತ್ತಕ್ಕೆ ಫೋನು.

ಮೊದಲ ಮೂರು ಅಕ್ಷರ ನಮ್ಮೋರು ಯಾರೂ ತಪ್ಪಲ್ಲ ಬಿಡ್ರಿ, ಎಲ್‌ಐಸಿ ಇದ್ದಂಗೇ ಐತೆ. ಆಮೇಲೆ ಇ, ಎನ್. ತಲೆನೋವು ಅಲ್ಲಿಂದ ಮುಂದೆ, ಸಿ-ಇ ನೋ ಎಸ್-ಇ ನೋ ಅಂತ. ಎರಡೂ ಸರಿನೇ, ಆದ್ರೆ ಜಾಗ ಬೇರೆ ಬೇರೆ. ನಾವು ಇಲ್ಲಿ ಬಳಸೋದು ಬ್ರಿಟಿಷ್ ಪದ್ಧತಿ, ಅದ್ರಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅಮೆರಿಕದೋರು ಈ ತಾಪತ್ರಯನೇ ಬೇಡ ಅಂತ ಎರಡಕ್ಕೂ ಎಸ್ ಹಾಕ್ತಾರೆ.

ವ್ಯಾಕರಣ ನೆನಪಿರಲ್ಲ ಅನ್ನೋರಿಗೆ ನಾನು ಹೇಳೋದು ಇಷ್ಟೇ: ಕೈಯಲ್ಲಿ ಹಿಡ್ಕೊಂಡು ತೋರ್ಸೋ ಕಾರ್ಡು, ಗೋಡೆಗೆ ನೇತು ಹಾಕೋ ಕಾಗ್ದ ಆಗಿದ್ರೆ ಸಿ, ಇಂಗ್ಲಿಷಲ್ಲಿ ಕಾರ್ಡ್ ಶುರುವಾಗೋದೂ ಸಿ ಇಂದಾನೇ ಅಲ್ವಾ. ಡ್ರೈವಿಂಗ್ ಲೈಸೆನ್ಸ್, ಟ್ರೇಡ್ ಲೈಸೆನ್ಸ್, ಲೈಸೆನ್ಸ್ ಫೀ, ಲೈಸೆನ್ಸ್ ನಂಬರ್, ಎಲ್ಲಾ ಸಿ. ಪರವಾನಗಿ ಕೊಡೋದು, ಕೊಟ್ಟಿದ್ದು, ಪಡ್ಕೊಂಡಿದ್ದು ಅನ್ನೋ ಅರ್ಥ ಬಂದ್ರೆ ಎಸ್. ಅಂದ್ರೆ ಲೈಸೆನ್ಸ್ಡ್ ಕಂಟ್ರಾಕ್ಟರ್, ಲೈಸೆನ್ಸಿಂಗ್ ಅಥಾರಿಟಿ, ಲೈಸೆನ್ಸಿ ಇವಕ್ಕೆಲ್ಲ ಎಸ್ಸೇ, ಇಲ್ಲಿ ಬ್ರಿಟನ್ನು ಅಮೆರಿಕ ಇಬ್ರೂ ಒಂದೇ.

ಸಾಕ್ಷಿ ಬೇಕಂದ್ರೆ 1988ರ ಮೋಟಾರು ವಾಹನ ಕಾಯ್ದೆ ಇಂಗ್ಲಿಷಲ್ಲಿ ತೆಗೆದು ನೋಡ್ರಿ. ಡ್ರೈವಿಂಗ್ ಲೈಸೆನ್ಸ್ ಅಂತ ಬಂದಲ್ಲಿ ಸಿ, ಅದನ್ನ ಕೊಡೋ ಲೈಸೆನ್ಸಿಂಗ್ ಅಥಾರಿಟಿ ಅಂತ ಬಂದಲ್ಲಿ ಎಸ್, ಒಂದೇ ಕಾಯ್ದೆಯೊಳಗೆ ಎರಡೂ. ದಾವಣಗೆರೆ ಕೆಎ 17 ಗಾಡಿ ಆಗ್ಲಿ ಚಿತ್ರದುರ್ಗದ ಕೆಎ 16 ಆಗ್ಲಿ, ಓಡ್ಸೋನ ಜೇಬಲ್ಲಿರೋದು ಸಿ ಇರೋ ಲೈಸೆನ್ಸೇ. ನಮ್ಮ ಕಡೆ ಎಲ್‌ಎಲ್‌ಆರ್ ಅಂತೀವಲ್ಲ, ಆರು ತಿಂಗಳು ನಡಿಯೋದು, ಅದೂ ಲರ್ನರ್ಸ್ ಲೈಸೆನ್ಸೇ, ಸಿ.

ಪ್ರಾಕ್ಟೀಸ್ ಅನ್ನೋ ಪದನೂ ಬ್ರಿಟಿಷ್ ಲೆಕ್ಕದಲ್ಲಿ ಹಿಂಗೇ, ನಾಮಪದಕ್ಕೆ ಸಿ ಕ್ರಿಯಾಪದಕ್ಕೆ ಎಸ್. ಆದ್ರೆ ಅಮೆರಿಕದೋರು ಇಲ್ಲಿ ಉಲ್ಟಾ ಹೊಡ್ದು ಎರಡಕ್ಕೂ ಸಿ ಹಾಕ್ತಾರೆ, ಯಾಕೆ ಅಂತ ಕೇಳ್ಬೇಡ್ರಿ, ಅವ್ರ ಮರ್ಜಿ.

ಇನ್ನೊಂದು, ಸಾಫ್ಟ್‌ವೇರ್ ಹಾಕೋವಾಗ ಓದದೇ ಒಪ್ಪಿಗೆ ಒತ್ತುತೀವಲ್ಲ, ಆ ಲೈಸೆನ್ಸ್ ಅಗ್ರಿಮೆಂಟಲ್ಲಿ ಸಾಮಾನ್ಯವಾಗಿ ಎಸ್ ಇರ್ತದೆ, ಬಹಳಷ್ಟು ಅಮೆರಿಕದ್ದೇ ಅಲ್ವಾ. ಜಿಎನ್‌ಯು ಜನರಲ್ ಪಬ್ಲಿಕ್ ಲೈಸೆನ್ಸ್ ಅನ್ನೋದು ಒಂದು ಸಾಫ್ಟ್‌ವೇರ್ ಲೈಸೆನ್ಸಿನ ಹೆಸರು, ಅದಕ್ಕೂ ಎಸ್ಸೇ, ತಿದ್ದಕ್ಕೆ ಹೋಗ್ಬೇಡ್ರಿ. ಅದನ್ನ ನೋಡಿ ಅಭ್ಯಾಸ ಆಗೇ ನಮ್ಮ ಹುಡುಗ್ರು ಅರ್ಜಿಲೂ ಎಸ್ ಹಾಕೋದು. ಹಾಕಿದ್ರೆ ಅರ್ಥ ಏನೂ ಕೆಡಲ್ಲ, ಆದ್ರೆ ಒಂದೇ ಅರ್ಜಿಲಿ ಅದೇ ನಾಮಪದಕ್ಕೆ ಒಂದು ಸಲ ಸಿ ಒಂದು ಸಲ ಎಸ್ ಇದ್ರೆ ಚೆನ್ನಾಗಿ ಕಾಣಲ್ಲ ನೋಡ್ರಿ.

ದೋಸ್ತಿಗೆ ಬೋರ್ಡ್ ಕಿತ್ತಾಕ್ಬೇಡ, ಎಸ್ ಮೇಲೆ ಸಿ ಸ್ಟಿಕರ್ ಅಂಟ್ಸು ಸಾಕು ಅಂದೆ. ಟೈಪ್ ಮಾಡಿರೋ ಅರ್ಜಿ ತಿದ್ದೋರು ಮಾತ್ರ ಒಂದೇ ಏಟಿಗೆ ಫೈಂಡ್ ರಿಪ್ಲೇಸ್ ಹೊಡೀಬೇಡ್ರಿ, ಲೈಸೆನ್ಸ್ಡ್ ಅಂತ ಸರಿ ಇದ್ದಿದ್ದೂ ಸಿ ಆಗಿ ಕೂರ್ತದೆ.